ಅಣ್ಣ-ತಂಗಿಗೆ ನಾನು ಹೇಳದೆ ಇದ್ದ ಮಳೆಗಾಲ

ಹೋದ ವಾರ ಹಿಟ್ನಾಳದ ಹತ್ತಿರ ನಾನಿದ್ದ ಬಸ್ಸು ಹೆದ್ದಾರಿಯಲ್ಲಿ ಅರ್ಧ ತಾಸು ನಿಂತಿತು. ಮುಂದೆಲ್ಲೋ ಲಾರಿಯೊಂದು ಕೆಟ್ಟು ಅಡ್ಡ ನಿಂತಿತ್ತಂತೆ. ಸಣ್ಣಗೆ ಮಳೆ ಹನಿಯುತ್ತಿತ್ತು. ನನ್ನ ಕಿಟಕಿಗೆ ಒತ್ತಿಕೊಂಡಂತೆ ಇನ್ನೊಂದು ಲಾರಿ ನಿಂತಿತ್ತು. ಅದರ ತುಂಬ ಹಳೆಯ ಗೋಣಿಚೀಲ. ಮೇಲಿನ ತಾಡಪತ್ರಿ ಒಂದು ಮೂಲೆಯಲ್ಲಿ ಸರಿದು ಚೀಲಗಳು ತೊಯ್ದಿದ್ದವು. ತೊಯ್ದ ಗೋಣಿಯ ವಾಸನೆ, ಅದರೊಳಗೆ ಹಳೆಯ ತೌಡಿನ ಮುಗ್ಗು ವಾಸನೆ ಕೂಡಿಕೊಂಡು ಒಳಗೆ ಬಂತು. ಪಕ್ಕದಲ್ಲಿ ಕುಳಿತಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡು, "ಕಿಟಕಿ ಹಾಕ್ರಿ ಅಕ್ಕಾರ" ಅಂದಳು. ಹಾಕಿದೆ. ಆದರೂ ವಾಸನೆ ಬಿಡಲಿಲ್ಲ. ಗಂಗಾವತಿಯ ಒಂದು ಓಣಿ, ಅಲ್ಲಿ ಹರಿದ ಚೀಲಗಳ ರಾಶಿಯ ನಡುವೆ ಕಾಲು ಚಾಚಿ ಕುಳಿತು ದಬ್ಬಣದಿಂದ ಹೊಲಿಯುತ್ತಿದ್ದ ಹಲೀಮಾಬಿ, ಅವರಿಗೆ ನಾನು ಮಾಡಿದ್ದು, ಎಲ್ಲ ಒಮ್ಮೆಲೇ ಎದ್ದು ಬಂದವು.

ಕೆಲವು ವರ್ಷಗಳ ಹಿಂದಿನ ಮಾತು. ನಾನಾಗ ಕೊಪ್ಪಳದ ಕಾಲೇಜೊಂದರಲ್ಲಿ ಇತಿಹಾಸ ಕಲಿಸುವ ಅತಿಥಿ ಉಪನ್ಯಾಸಕಿ. ಹೆಸರಿಗೆ ಅತಿಥಿ, ಪ್ರತಿ ಜೂನ್‌ನಲ್ಲಿ ಈ ವರ್ಷ ಕೆಲಸ ಉಂಟೋ ಇಲ್ಲವೋ ಎಂದು ಪಟ್ಟಿಯಲ್ಲಿ ಹೆಸರು ಹುಡುಕಿಕೊಳ್ಳುವ ಪಾಡು. ಹೀಗೆ ಏಳು ವರ್ಷ ಕಳೆದಿದ್ದೆ. ಆ ಬೇಸಿಗೆಯಲ್ಲಿ ದೊಡ್ಡ ಊರಿನ ಪ್ರೊಫೆಸರೊಬ್ಬರು ತಮ್ಮ ಅಧ್ಯಯನಕ್ಕೆ ನಮ್ಮ ಭಾಗದಿಂದ ಒಬ್ಬರನ್ನು ಹುಡುಕುತ್ತಿದ್ದರು. ನಿಜಾಮರ ರಾಜ್ಯ ಮುಗಿದ ಮೇಲೆ ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಕಡೆಯಿಂದ ಪಾಕಿಸ್ತಾನಕ್ಕೆ ಹೋದವರು ಮತ್ತು ಇಲ್ಲೇ ಉಳಿದ ಅವರ ಬಳಗ ಅವರ ವಿಷಯ. ಉರ್ದು ಓದಲು ಬರುವವರು ಬೇಕಿತ್ತು. ಹಳೆಯ ಕಂದಾಯ ದಾಖಲೆ ಓದಲೆಂದು ನಾನು ಹಟ ಹಿಡಿದು ಉರ್ದು ಕಲಿತಿದ್ದೆ. ನನ್ನನ್ನು ತೆಗೆದುಕೊಂಡರು.

ಗಡಿ ದಾಟಿದವರ ಕಥೆ ನನಗೆ ಹೊಸದಲ್ಲ. ನಮ್ಮೂರು ಅಳವಂಡಿ. ರಜಾಕಾರರ ಗದ್ದಲದಲ್ಲಿ ನಮ್ಮ ಅಜ್ಜಿ, ಅಜ್ಜ ಎತ್ತ ಹೋದನೆಂದು ತಿಳಿಯದೆ, ಎರಡು ಮಕ್ಕಳನ್ನು ಕಂಕುಳಲ್ಲಿ ಇರುಕಿಕೊಂಡು ಮುಂಡರಗಿ ಕಡೆಗೆ ಓಡಿಹೋಗಿದ್ದಳಂತೆ. ಆಗ ಅಳವಂಡಿ ಒಂದು ರಾಜ್ಯ, ಮುಂಡರಗಿ ಇನ್ನೊಂದು ರಾಜ್ಯ. ಅರ್ಧ ದಿನದ ನಡಿಗೆಯಲ್ಲಿ ಅಜ್ಜಿ ಸರಕಾರ ಬದಲಿಸಿಬಿಟ್ಟಿದ್ದಳು. ಅವಳ ಬಾಯಿಂದ ಅದನ್ನು ಕೇಳಿ ಬರೆದಿಟ್ಟುಕೊಳ್ಳುವ ಬುದ್ಧಿ ನನಗೆ ಬರುವುದರೊಳಗೆ ಅವಳು ತೀರಿಕೊಂಡಿದ್ದಳು.

ಮೇ ತಿಂಗಳಲ್ಲಿ ಮೂರು ದಿನದ ತರಬೇತಿ ಆಯಿತು. ಪ್ರೊಫೆಸರರು ಮೊದಲ ದಿನ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. "ಇಲ್ಲಿನ ದಾಖಲೆಯಲ್ಲಿ ಆ ಮನುಷ್ಯ 'ಹೋದ' ಅನ್ನುವಲ್ಲಿಗೆ ಮುಗಿದುಹೋಗುತ್ತಾನೆ. ಅಲ್ಲಿನ ದಾಖಲೆಯಲ್ಲಿ 'ಬಂದ' ಅನ್ನುವಲ್ಲಿಂದ ಹುಟ್ಟುತ್ತಾನೆ. ಎರಡೂ ದೇಶದ ಇತಿಹಾಸಕ್ಕೆ ಅವನು ಅರ್ಧ ಮನುಷ್ಯ. ನಾವು ದೇಶ ಬಿಟ್ಟು ಮನುಷ್ಯನ ಬೆನ್ನು ಹತ್ತಬೇಕು. ಅವನ ಕಾಗದ, ಅವನ ಊರಿನ ಹೆಸರು, ಅವನ ಮಾತು ಎಲ್ಲಿಗೆ ಹೋಗುತ್ತವೋ ಅಲ್ಲಿಗೆ ಹೋಗಬೇಕು."

ಎರಡನೆಯ ದಿನ ಒಂದು ನಿಯಮ ಹೇಳಿದರು. ಒಂದೇ ಕುಟುಂಬದವರು ಎರಡೂ ಕಡೆ ಸಿಕ್ಕರೆ, ಇಬ್ಬರ ಮಾತನ್ನೂ ಬೇರೆ ಬೇರೆಯಾಗಿ ಎರಡೆರಡು ಸಲ ದಾಖಲಿಸಬೇಕು. ಅದು ಮುಗಿಯುವವರೆಗೆ ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬೀಳಬಾರದು. ಹಿಂದೊಮ್ಮೆ ಹೀಗೇ ಸಿಕ್ಕ ಇಬ್ಬರು ಮುದುಕರು ಒಂದು ಸಲ ಫೋನಿನಲ್ಲಿ ಮಾತಾಡಿದ್ದೇ ತಡ, ಇಬ್ಬರೂ ಒಂದೇ ಕಥೆ ಹೇಳತೊಡಗಿದರಂತೆ. "ಆಮೇಲೆ ಯಾವ ನೆನಪು ಯಾರದು ಅಂತ ಬಿಡಿಸುವುದಕ್ಕೆ ಬರೋದಿಲ್ಲ" ಅಂದರು. ನಾನು ಆ ನಿಯಮವನ್ನು ನೋಟ್‌ಬುಕ್ಕಿನಲ್ಲಿ ಬರೆದು ಕೆಂಪು ಗೆರೆ ಎಳೆದುಕೊಂಡೆ.

ಕರಾಚಿಯ ಕಡೆಯಿಂದ ಕೆಲಸ ಮಾಡುವವಳು ಸಬಾ ಎಂಬ ಹುಡುಗಿ. ನನಗಿಂತ ಸಣ್ಣವಳು, ಚುರುಕು. ಅವಳ ಪರಿಚಯವಾದದ್ದು ಫೋನಿನ ಪರದೆಯ ಮೇಲೆ. ನಾನು ಅವಳಿಗೆ ಕೊಪ್ಪಳ ಸೀಮೆಯ ಊರುಗಳ ಹೆಸರನ್ನೆಲ್ಲ ಉರ್ದುವಿನಲ್ಲಿ ಬರೆದು ಕಳಿಸಿದೆ. ಅಲ್ಲಿ ಹೈದರಾಬಾದ್ ಕಡೆಯಿಂದ ಹೋದವರಿರುವ ಓಣಿಗಳಲ್ಲಿ ಮುದುಕರ ಮುಂದೆ ಅವನ್ನು ಓದಬೇಕು. ಯಾವ ಹೆಸರಿಗೆ ಯಾರು ತಲೆ ಎತ್ತುತ್ತಾರೆ ನೋಡಬೇಕು. ಇದು ನಾನೇ ಸೂಚಿಸಿದ ಉಪಾಯ. ಪ್ರೊಫೆಸರರು ಬಹಳ ಮೆಚ್ಚಿಕೊಂಡಿದ್ದರು.

ಹಲೀಮಾಬಿ ಸಿಕ್ಕಿದ್ದು ಜೂನ್‌ನಲ್ಲಿ. ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಿದ್ದವರೊಬ್ಬರು ಗಂಗಾವತಿಯವರು. "ನಮ್ಮ ಓಣ್ಯಾಗ ಒಬ್ಬಾಕಿ ಮುದುಕಿ ಅದಾಳ್ರಿ. ಅಕಿ ಅಣ್ಣ ಸಣ್ಣಂವ ಇದ್ದಾಗನ ಆ ಕಡಿ ಹೋಗ್ಯಾನಂತ" ಅಂದರು. ಒಂದು ಭಾನುವಾರ ಹೋದೆ. ರೈಸ್ ಮಿಲ್ಲುಗಳ ಹಿಂದಿನ ಓಣಿ. ಅಕ್ಕಿ ತುಂಬಿ ತುಂಬಿ ಹರಿದ ಚೀಲಗಳನ್ನು ಮಿಲ್ಲಿನವರು ಅಲ್ಲಿಗೆ ಹಾಕುತ್ತಿದ್ದರು. ಹೆಂಗಸರು ಅವಕ್ಕೆ ತೇಪೆ ಹಚ್ಚಿ, ಸುತಳಿಯಿಂದ ಹೊಲಿದು, ಮುಂದಿನ ಸುಗ್ಗಿಗೆ ತಯಾರು ಮಾಡಿ ಕೊಡುತ್ತಿದ್ದರು. ಹಲೀಮಾಬಿಗೆ ಎಪ್ಪತ್ತೈದರ ಆಸುಪಾಸು. ದಬ್ಬಣ ಹಿಡಿದ ಬೆರಳುಗಳು ಸೊಟ್ಟಗಾಗಿದ್ದವು. ಮಗ ಮೆಹಬೂಬ ಮಿಲ್ಲೊಂದರಲ್ಲಿ ಗುಮಾಸ್ತ. ಅವನು ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ, "ಮೇಡಮ್ಮಾರ, ತಪ್ಪು ತಿಳಕೋಬ್ಯಾಡ್ರಿ. ಆ ದೇಶದ ಹೆಸರು ನಮ್ಮ ಮನಿ ಹೆಸರಿನ ಬಾಜೂಕ ಬಂದ್ರ ನಾಳೆ ನಮ್ಮ ಹುಡುಗರಿಗೆ ತ್ರಾಸ" ಅಂದ. ಹೆಸರು ಬದಲಿಸಿ ಬರೆಯುತ್ತೇವೆಂದು ಮಾತು ಕೊಟ್ಟೆ. ಆ ಮಾತನ್ನು ಇವತ್ತಿಗೂ ಉಳಿಸಿಕೊಂಡಿದ್ದೇನೆ. ಇಲ್ಲಿ ಇರುವುದೂ ಅವರ ನಿಜವಾದ ಹೆಸರುಗಳಲ್ಲ.

ಹಲೀಮಾಬಿ ಹೊಲಿಗೆ ನಿಲ್ಲಿಸದೆ ಮಾತಾಡಿದರು.

"ನಮ್ಮ ಅಬ್ಬಾ ಕುಷ್ಟಗ್ಯಾಗ ತಹಸೀಲ್ ಕಚೇರಿದಾಗ ಕಾರಕೂನ ಇದ್ರು. ಉರ್ದು ಬರವಣಿಗಿ. ರಾಜ್ಯ ಬದಲಾತು, ಬರವಣಿಗಿನೂ ಬದಲಾತು. ಅಮ್ಮಿ ಅದಕ್ಕೂ ಮೊದಲ ತೀರಿಕೊಂಡಿದ್ಲು. ನಮ್ಮ ಮಾಮು, ಅಮ್ಮಿ ತಮ್ಮ, ಕರಾಚಿಗೆ ಹೊಂಟು ನಿಂತ್ರು. 'ಮಕ್ಕಳನ್ನ ಈಗ ನನ್ನ ಕೂಡ ಕಳಸು, ನೀ ಹಿಂದಿಂದ ಬಾ' ಅಂದ್ರು. ಅಬ್ಬಾ ಹೂಂ ಅಂದ್ರು. ಭಾಯಿಗೆ ಹನ್ನೆರಡು. ನನಗ ಐದೋ ಆರೋ."

"ಆಮ್ಯಾಲ?"

"ಚಕ್ಕಡಿ ಕಟ್ಟಿಕೊಂಡು ಕೊಪ್ಪಳ ಟೇಶನ್ನಿಗೆ ಬಂದ್ವಿ. ಮಧ್ಯಾಹ್ನದ ಗಾಡಿ. ತಡ ಆತು. ಬಿಸಲಂದ್ರ ಬಿಸಲು. ನಾ ಬೇವಿನ ಗಿಡದ ಕೆಳಗ ಅರಿವಿ ಗಂಟಿಗೆ ತಲಿ ಕೊಟ್ಟು ಮಲಗಿಬಿಟ್ಟೆ. ಅಬ್ಬಾ ನೀರು ತರಾಕ ಹೋದ್ರು. ಅಷ್ಟ್ರಾಗ ಗಾಡಿ ಬಂತು. ಮಾಮು ಜಾಗಾ ಹಿಡ್ಯಾಕ ಹತ್ತಿದ್ರು. 'ತಂಗಿನ್ನ ಎಬ್ಬಿಸಿಕೊಂಡು ಬಾ' ಅಂತ ಭಾಯಿಗೆ ಹೇಳಿದ್ರು. ಭಾಯಿ ಎಬ್ಬಿಸಿದ್ನಂತ, ಅಲುಗಾಡಿಸಿದ್ನಂತ, ನಾ ಏಳಲೇ ಇಲ್ಲಂತ. ಗಾಡಿ ಬಿಡ್ತು, ಅಂವ ಓಡಿ ಹತ್ತಿದ. ಅಬ್ಬಾ ತಂಬಿಗಿ ಹಿಡಕೊಂಡು ಬರೋದ್ರಾಗ ಗಾಡಿ ಹೊಂಟಿತ್ತು. ಬಾಗಲ್ದಾಗ ನಿಂತು ಮಾಮು ಕೂಗಿ ಹೇಳಿದ್ರಂತ, 'ಅಕಿ ಏಳಲಿಲ್ಲ' ಅಂತ."

ಹಲೀಮಾಬಿ ದಾರ ಎಳೆದು ಬಿಗಿದರು. "ಅದೇನು ಹಾಳ ನಿದ್ದಿನೋ ನಂದು. ಸಣ್ಣಾಕಿ ನನ್ನ ಕಟ್ಟಿಕೊಂಡು ಅಬ್ಬಾನೂ ಹೋಗಾಕ ಆಗಲಿಲ್ಲ. ಭಾಯಿ ಆ ಹೊಸಾ ದೇಶದಾಗ ಒಬ್ಬನ ಆದ. ಅವತ್ತಿನಿಂದ ನಾ ಹಗಲು ಹೊತ್ತು ಮಲಗಿಲ್ಲ ನೋಡವ್ವಾ. ಬಾಣಂತನದಾಗೂ ಮಲಗಿಲ್ಲ."

ನಾಲ್ಕಾರು ಕಾಗದ ಬಂದಿದ್ದವಂತೆ. ಹಲೀಮಾಬಿ ಮದುವೆಯಾಗಿ ಗಂಗಾವತಿಗೆ ಬಂದರು, ಅಬ್ಬಾ ತೀರಿಕೊಂಡರು, ಎರಡು ದೇಶಗಳ ನಡುವೆ ಯುದ್ಧವಾಯಿತು, ಕಾಗದ ನಿಂತವು. ಹೊರಡುವಾಗ ಅವರು ನನ್ನ ಕೈ ಹಿಡಿದುಕೊಂಡರು. "ಅಂವ ಇರೋದು ಸುಳ್ಳು. ಇದ್ರ ಹೇಳ್ತಿ ಅಲ್ಲ? ನನಗ ಮಾಫಿ ಕೇಳೋದು ಐತಿ."

"ಹೇಳ್ತೀನ್ರಿ ಅಮ್ಮಾ, ಖರೇನ ಹೇಳ್ತೀನಿ" ಅಂದೆ.

ಜುಲೈಯಲ್ಲಿ ಕಾಲುವೆಗೆ ನೀರು ಬಿಟ್ಟರು. ಗಂಗಾವತಿಯ ಸುತ್ತ ನಾಟಿ ಶುರುವಾಯಿತು. ನಾನು ವಾರಕ್ಕೆರಡು ಸಲ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಕುಷ್ಟಗಿಯ ಹಳೆಯ ದಫ್ತರದಲ್ಲಿ ಅವರ ಅಬ್ಬಾ ಅವರ ಹೆಸರನ್ನೂ, ಚೆಂದದ ಉರ್ದು ಕೈಬರಹವನ್ನೂ ಹುಡುಕಿ ತೆಗೆದೆ. ಯಲಬುರ್ಗಾದಲ್ಲಿ ಇನ್ನೆರಡು ಕುಟುಂಬ ಮಾತಾಡಿಸಿದೆ. ಅಷ್ಟು ಹುರುಪಿನಿಂದ ನಾನು ಯಾವ ಕೆಲಸವನ್ನೂ ಮಾಡಿದವಳಲ್ಲ.

ಶ್ರಾವಣದ ಒಂದು ಮಧ್ಯಾಹ್ನ ಸಬಾ ಒಂದು ಧ್ವನಿಮುದ್ರಣ ಕಳಿಸಿದಳು. ಕಾಲೇಜಿನ ಖಾಲಿ ಕೋಣೆಯೊಂದರಲ್ಲಿ ಕುಳಿತು ಕೇಳಿದೆ. ಅವಳು ಊರಿನ ಹೆಸರುಗಳನ್ನು ಓದುತ್ತಿದ್ದಳು. "ಕುಷ್ತಗಿ" ಅಂದಳು. ಒಬ್ಬ ಮುದುಕರು ನಡುವೆ ಬಾಯಿ ಹಾಕಿ, "ಕುಷ್ತಗಿ ಅಲ್ಲ ಬೇಟಾ, ಕುಷ್ಟಗಿ" ಎಂದು ಟ ಅಕ್ಷರವನ್ನು ಒತ್ತಿ ತಿದ್ದಿದರು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದ ರಹೀಮ್ ಸಾಹೇಬರು ಅವರು. ತಂದೆಯ ಹೆಸರು ಹೇಳಿದರು, ಕಚೇರಿ ಹೇಳಿದರು, ತಂಗಿಯ ಹೆಸರು ಹೇಳಿದರು. ಸಬಾ ರೈಲಿನ ದಿನದ ಬಗ್ಗೆ ಕೇಳಿದಳು. ಅವರು ದಖನಿ ಉರ್ದುವಿನಲ್ಲಿ ಹೇಳಿದ್ದನ್ನು ನಾನು ಅವತ್ತೇ ನಮ್ಮ ಕಡೆಯ ಕನ್ನಡದಲ್ಲಿ ಬರೆದುಕೊಂಡೆ:

"ನಾ ಅಕಿನ್ನ ಎಬ್ಬಿಸಲಿಲ್ಲ. ಹತ್ರ ಹೋದೆ. ಬಾಯಿ ತಕ್ಕೊಂಡು ಮಲಗಿದ್ಲು. ಗಲ್ಲದ ಮ್ಯಾಲ ನೊಣ ಕುಂತಿತ್ತು. ನೊಣ ಹೊಡದೆ, ಎಬ್ಬಿಸಲಿಲ್ಲ. ಗಾಡಿ ಹತ್ತಿ ಮಾಮುಗೆ 'ಎಬ್ಬಿಸಿದೆ, ಏಳಲಿಲ್ಲ' ಅಂತ ಸುಳ್ಳು ಹೇಳಿದೆ. ದೊಡ್ಡಂವ ಆದ ಮ್ಯಾಲ, ಅಬ್ಬಾ ಒಬ್ಬರ ಆಗ್ತಾರಂತ ತಂಗಿನ್ನ ಬಿಟ್ಟುಬಂದೆ ಅಂತ ಎಲ್ಲಾರಿಗೂ ಹೇಳಿಕೋತ ಬಂದೆ. ಅದೂ ಸುಳ್ಳು. ದಾರಿ ತುಂಬ ಅಳ್ತಾಳ, ನಾನ ಹೊತ್ಕೊಂಡು ತಿರುಗಬೇಕು ಅಂತ ಹೆದರಿದೆ, ಅಷ್ಟ. ನಿಮ್ಮವರು ಆ ಕಡಿ ಹೋದ್ರ ಒಂದ್ಸಲ ಕೇಳ್ತಾರೇನು, ಅಕಿ ಅದಾಳೋ ಇಲ್ಲೋ ಅಂತ?"

ಇದನ್ನು ಕೇಳಿದಾಗ ನನಗೆ ಮೊದಲು ಆದದ್ದು ದುಃಖವಲ್ಲ, ಸಂತೋಷ. ಸಂಶೋಧಕಿಯ ಸಂತೋಷ. ಒಂದೇ ರೈಲು, ಒಂದೇ ಬೇವಿನ ಗಿಡ, ಎರಡು ನೆನಪು. ಇಬ್ಬರೂ ತಪ್ಪು ತಮ್ಮದೇ ಎಂದು ಒಂದು ಆಯುಷ್ಯ ಕಳೆದಿದ್ದರು. ಗಡಿಯ ಒಂದೇ ಬದಿಯಲ್ಲಿ ನಿಂತು ಹುಡುಕಿದ್ದರೆ ಇದು ಯಾರಿಗೂ ಸಿಗುತ್ತಿರಲಿಲ್ಲ. ನವೆಂಬರಿನ ವಿಚಾರಸಂಕಿರಣದಲ್ಲಿ ಇದನ್ನು ಓದಿದರೆ ಸಭೆ ಹೇಗೆ ಸುಮ್ಮನಾಗುತ್ತದೆ ಎಂಬುದನ್ನೂ ಆ ಖಾಲಿ ಕೋಣೆಯಲ್ಲೇ ಕಣ್ಣಮುಂದೆ ತಂದುಕೊಂಡೆ.

ಹಲೀಮಾಬಿಯ ಮಾತಿನ ಸಾರಾಂಶ ನೋಡಿದ್ದೇ ಸಬಾ ಬರೆದಳು: "ಹೇಳಿಬಿಡೋಣವಾ? ಅವರಿಗೆ ಎಂಬತ್ತು ದಾಟಿದೆ." ನಾನು ಬರೆದೆ: "ಎರಡನೆಯ ಸುತ್ತು ಮುಗಿಯಲಿ." ಅವಳು ಒಂದು ದಿನ ಬಿಟ್ಟು ಮತ್ತೆ ಕೇಳಿದಳು. ನಾನು ಪ್ರೊಫೆಸರರಿಗೆ ಫೋನ್ ಮಾಡಿದೆ. "ನಿಯಮ ಇರೋದು ಕೆಲಸ ಕೆಡಬಾರದು ಅಂತ. ಆದರೆ ಆ ಅಮ್ಮನ ಮುಖ ನೋಡಿದವರು ನೀವು, ನಾನಲ್ಲ. ನೀವೇ ತೀರ್ಮಾನ ಮಾಡಿ" ಅಂದರು. ಇದನ್ನು ನಾನು ಸ್ಪಷ್ಟವಾಗಿ ಬರೆಯಬೇಕು. ಯಾಕೆಂದರೆ ಮುಂದೆ ಎಷ್ಟೋ ಜನರ ಮುಂದೆ, "ನಮಗೆ ನಿಯಮ ಹಾಗಿತ್ತು" ಎಂದು ಹೇಳಿ ಜಾರಿಕೊಂಡಿದ್ದೇನೆ. ಅವರು ನನ್ನ ಕೈಗೆ ಬಿಟ್ಟಿದ್ದರು. ನಾನು, "ಎರಡನೇ ಸುತ್ತು ಬೇಗ ಮುಗಿಸಿಬಿಡ್ತೀನಿ ಸರ್" ಅಂದೆ.

ಬೇಗ ಮುಗಿಯಲಿಲ್ಲ. ಸೆಪ್ಟೆಂಬರಿನಲ್ಲಿ ಎರಡನೆಯ ಸುತ್ತಿಗೆಂದು ಧ್ವನಿಮುದ್ರಣದ ಯಂತ್ರ ಹಿಡಿದುಕೊಂಡು ಗಂಗಾವತಿಗೆ ಹೋದರೆ ಹಲೀಮಾಬಿಗೆ ಜ್ವರ. ಗೋಡೆಗೆ ಒರಗಿ ಕುಳಿತಿದ್ದರು. ಮಲಗಿರಲಿಲ್ಲ, ಅದು ಹಗಲು ಹೊತ್ತಲ್ಲವೇ! ನನ್ನನ್ನು ಕಂಡು ನೆಟ್ಟಗೆ ಕೂರಲು ನೋಡಿದರು.

"ಏನರ ತಿಳೀತೇನವ್ವಾ?"

ಅವರ ಅಣ್ಣನ ಧ್ವನಿ ನನ್ನ ಬ್ಯಾಗಿನೊಳಗಿನ ಫೋನಿನಲ್ಲಿತ್ತು. ಬ್ಯಾಗು ನನ್ನ ತೊಡೆಯ ಮೇಲಿತ್ತು.

"ಇನ್ನೂ ಹುಡುಕಾಕತ್ತೀವ್ರಿ ಅಮ್ಮಾ."

"ಹುಡುಕ್ರಿ ಹುಡುಕ್ರಿ. ಭಾಳ ದೂರ ಅಲ್ಲೇನು. ಅವಸರಿಲ್ಲ." ಅವರೇ ನನ್ನನ್ನು ಸಮಾಧಾನ ಮಾಡಿದರು. ಸೊಸೆಗೆ ಹೇಳಿ ನನಗೆ ಊಟ ಹಾಕಿಸಿದರು. ಉಂಡು ಬಂದೆ.

ಆಮೇಲೆ ಮೌಲ್ಯಮಾಪನದ ಕೆಲಸ ಬಂತು. ಪಾಠ ಮುಗಿಸುವ ಅವಸರ ಬಂತು. ನೋಡನೋಡುತ್ತ ದಸರೆ ಬಂತು. ಅಲ್ಲಿ ಸಬಾ ಎರಡನೆಯ ಭೇಟಿಗೆ ರಹೀಮ್ ಸಾಹೇಬರ ಹತ್ತಿರ ಒಂದು ಮಂಗಳವಾರ ಗೊತ್ತು ಮಾಡಿಕೊಂಡಿದ್ದಳು. ನಾನು ದಸರೆ ರಜೆಗೆ ಅಳವಂಡಿಗೆ ಹೋಗಿದ್ದೆ. ಅವ್ವನ ಜೊತೆ ಹೊಲದಲ್ಲಿ ಕುಳಿತು ಕಿತ್ತ ಶೇಂಗಾ ಬಳ್ಳಿಯಿಂದ ಕಾಯಿ ಬಿಡಿಸುತ್ತಿದ್ದೆ. ಫೋನು ಗುನುಗಿತು. ಸಬಾಳ ಧ್ವನಿ. ಅಳುತ್ತಿರಲಿಲ್ಲ, ಬಹಳ ನಿಧಾನವಾಗಿ ಮಾತಾಡುತ್ತಿದ್ದಳು. ರಹೀಮ್ ಸಾಹೇಬರು ಶುಕ್ರವಾರ ತೀರಿಕೊಂಡರು. ನಮಾಜಿಗೆಂದು ಅಂಗಿ ತೊಟ್ಟುಕೊಳ್ಳುವಾಗ ಕುಸಿದರು. ಮಂಗಳವಾರದ ಭೇಟಿಗೆ ಹೋಗಬೇಕಾದವಳು ಅವರ ಮಗಳನ್ನು ಮಾತಾಡಿಸಿಕೊಂಡು ಬಂದಳು. ಕೊನೆಗೆ ಒಂದೇ ಮಾತು ಅಂದಳು: "ಅವರು ಸಿಕ್ಕಾಗಲೆಲ್ಲ ಕೇಳುತ್ತಿದ್ದರು. ನಾನು, ಹುಡುಕುತ್ತಿದ್ದೇವೆ ಅಂತ ಹೇಳಿದೆ. ನೀವು ಹೇಳು ಅಂದಿದ್ದಕ್ಕೆ."

ಅವ್ವ ನನ್ನ ಮುಖ ನೋಡಿ, "ಯಾರವ್ವಾ? ಏನಾತು?" ಅಂದಳು. ಎಲ್ಲ ಹೇಳಿದೆ. ಅವ್ವನಿಗೆ ಓದಲು ಬರುವುದಿಲ್ಲ. ಕೈಯಲ್ಲಿದ್ದ ಬಳ್ಳಿಯನ್ನು ಕೆಳಗಿಟ್ಟು ಕೇಳಿದಳು, "ನಿಮ್ಮಜ್ಜಿ ಆ ಕಡಿ ಓಡಿಹೋದಾಗ, ನಿಮ್ಮಜ್ಜ ಜೀವಂತ ಅದಾನ ಅಂತ ಗೊತ್ತಿದ್ದೂ ಯಾರರ ಹೇಳದ ಕುಂತಿದ್ರ ಹೆಂಗ ಅನ್ನಿಸ್ತಿತ್ತು?"

ಇಷ್ಟಾದರೂ ನಾನು ಮತ್ತೆ ಹದಿನೈದು ದಿನ ಹೇಳಲಿಲ್ಲ. ಈ ಹದಿನೈದು ದಿನಗಳ ಬಗ್ಗೆ ಬರೆಯಲು ನಾಚಿಕೆಯಾಗುತ್ತದೆ. ಹೇಳದೇ ಇದ್ದುಬಿಟ್ಟರೆ ಏನಾಗುತ್ತದೆ ಎಂದು ಲೆಕ್ಕ ಹಾಕಿದೆ. ಅವರು ಅಣ್ಣ ಇಲ್ಲವೆಂದೇ ತಿಳಿದಿದ್ದಾರೆ, ಹಾಗೇ ಇರಲಿ, ಹೊಸ ನೋವು ಯಾಕೆ ಅಂದುಕೊಂಡೆ. ಅವರ ಒಳ್ಳೆಯದಕ್ಕೇ ಅನ್ನುವ ಹಾಗೆ ಯೋಚಿಸುತ್ತಿದ್ದೆ, ಆದರೆ ಉಳಿಸಿಕೊಳ್ಳಲು ನೋಡುತ್ತಿದ್ದದ್ದು ನನ್ನನ್ನು. ಕೊನೆಗೆ ಸಬಾಳೇ ದಾರಿ ಮುಚ್ಚಿದಳು. "ಅವರ ಮಗಳು ನಸ್ರೀನ್ ಆಪಾಗೆ ನಾನು ಎಲ್ಲ ಹೇಳಿದ್ದೇನೆ. ಅತ್ತೆಯ ಜೊತೆ ಮಾತಾಡಬೇಕು ಅನ್ನುತ್ತಿದ್ದಾರೆ. ನೀವು ಹೇಳದಿದ್ದರೆ ನಾನೇ ಮೆಹಬೂಬ್ ಭಾಯಿಗೆ ಫೋನ್ ಮಾಡುತ್ತೇನೆ" ಎಂದು ಬರೆದಳು.

ನಾನು ಹೋದ ದಿನ ಗಂಗಾವತಿಯ ರಸ್ತೆಗಳ ಮೇಲೆ ಭತ್ತ ಕೊಯ್ಯುವ ಯಂತ್ರಗಳು ಸಾಲುಗಟ್ಟಿದ್ದವು. ಹೊಲಿದ ಚೀಲಗಳೆಲ್ಲ ಮಿಲ್ಲಿಗೆ ಹೋಗಿ ಹಲೀಮಾಬಿಯ ಅಂಗಳ ಬರಿದಾಗಿತ್ತು. ಎಲೆ-ಅಡಿಕೆ ಹಾಕಿಕೊಂಡು ಕಟ್ಟೆಯ ಮೇಲೆ ಕುಳಿತಿದ್ದರು. ನಾನು ಕೆಳಗೆ ಕುಳಿತೆ.

"ಅಮ್ಮಾ, ಭಾಯಿ ಸಿಕ್ಕಿದ್ರು."

ಬದುಕಿದ್ದವರ ಬಗ್ಗೆಯಾದರೆ 'ಸಿಕ್ಕಾರ' ಅನ್ನುತ್ತಿದ್ದೆ; ನಾನು 'ಸಿಕ್ಕಿದ್ರು' ಅಂದದ್ದನ್ನು ಅವರು ಸರಿಯಾಗಿಯೇ ಕೇಳಿಸಿಕೊಂಡರು. ಬಾಯಿಯ ಎಲೆ ಉಗುಳಿ ಬಂದು ಕೇಳಿದರು, "ಯಾವಾಗ ಹೋದ?"

"ದಸರಾ ಆದ ಮ್ಯಾಲ. ಶುಕ್ರವಾರ."

"ನಿಂಗ ಸಿಕ್ಕಿದ್ದು?"

ಸುಳ್ಳು ಹೇಳಬಹುದಿತ್ತು. ನಾಲಿಗೆಯ ತುದಿಗೇ ಬಂದಿತ್ತು. "ಶ್ರಾವಣದಾಗರಿ" ಅಂದೆ.

ಒಳಗಿನಿಂದ ಮೆಹಬೂಬ ಬಂದು ಬಾಗಿಲಲ್ಲಿ ನಿಂತಿದ್ದ. "ನಂಗ ಜ್ವರ ಬಂದಾಗ ನೀ ಬಂದಿದ್ದಿ" ಅಂದರು ಹಲೀಮಾಬಿ. "ಆವಾಗ ಅಂವ ಇದ್ದ."

"ಇದ್ರು, ಅಮ್ಮಾ."

"ಮತ್ತ ಯಾಕ ಹೇಳಲಿಲ್ಲ?"

ನಾನು ಎರಡು ಸುತ್ತಿನ ನಿಯಮ, ನೆನಪು ಬೆರೆತುಹೋಗುವುದು, ಎಲ್ಲವನ್ನೂ ಅವರಿಗೆ ತಿಳಿಯುವ ಹಾಗೆ ಹೇಳಲು ಹೊರಟೆ. ಅರ್ಧಕ್ಕೇ ನನ್ನ ಮಾತು ನನಗೇ ಅಸಹ್ಯವಾಗಿ ನಿಲ್ಲಿಸಿದೆ. ಅವರು ಕೈ ಚಾಚಿ, "ಅಂವ ಏನಂದ, ಕೇಳಸು" ಅಂದರು.

ಕೇಳಿಸಿದೆ. ಅಣ್ಣನ ಧ್ವನಿ ಬಂದಾಗ ಅವರು ಫೋನನ್ನು ಕಿವಿಗೆ ಒತ್ತಿಕೊಳ್ಳಲಿಲ್ಲ. ಎರಡೂ ಅಂಗೈಯಲ್ಲಿ ಹಿಡಿದುಕೊಂಡು ಅದನ್ನೇ ನೋಡುತ್ತಿದ್ದರು. "ಎಬ್ಬಿಸಲಿಲ್ಲ" ಅನ್ನುವಲ್ಲಿ ಅವರ ಕತ್ತು ಮೇಲೆದ್ದಿತು. ಮತ್ತೊಮ್ಮೆ ಹಚ್ಚಲು ಹೇಳಿದರು. ಮತ್ತೊಮ್ಮೆ. ಮೂರನೆಯ ಸಲ ಮುಗಿದ ಮೇಲೆ ಫೋನನ್ನು ನನಗೆ ವಾಪಸ್ಸು ಕೊಟ್ಟರು.

"ಹಂಗಾರ ಅಂವ ನನ್ನ ಎಬ್ಬಿಸಲಿಲ್ಲ" ಅಂದರು. ಆಮೇಲೆ ನನ್ನ ಮುಖ ನೋಡಿ, ಬೈಯುವ ಧ್ವನಿಯಲ್ಲಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುವ ಧ್ವನಿಯಲ್ಲಿ, "ನೀನೂ ಎಬ್ಬಿಸಲಿಲ್ಲ" ಅಂದರು.

ಮೆಹಬೂಬ ಮುಂದೆ ಬಂದು, "ಮೇಡಮ್ಮಾರ, ನೀವಿನ್ನ ಹೊಂಡ್ರಿ" ಅಂದ. ಎದ್ದೆ. ಹಲೀಮಾಬಿ ತಡೆಯಲಿಲ್ಲ.

ನಾಲ್ಕು ದಿನದ ಮೇಲೆ ಮೆಹಬೂ‌ಬನೇ ಫೋನ್ ಮಾಡಿದ. ಕರಾಚಿಯ ನಸ್ರೀನ್ ಜೊತೆ ಮಾತಾಡಿಸಿಕೊಡಬೇಕು, ಅಮ್ಮಿ ಕೇಳುತ್ತಿದ್ದಾಳೆ ಅಂದ. ಹೋಗಿ ಫೋನು ಹಚ್ಚಿಕೊಟ್ಟೆ. ಪರದೆಯ ಮೇಲೆ ಐವತ್ತು ದಾಟಿದ ಹೆಂಗಸೊಬ್ಬಳು ಕಾಣಿಸಿಕೊಂಡು "ಫೂಫೀ" ಎಂದು ಅತ್ತೆಯನ್ನು ಕರೆದಳು. ನಾನು ಅಭ್ಯಾಸಬಲದಿಂದ ಬ್ಯಾಗಿನಿಂದ ನೋಟ್‌ಬುಕ್ಕು ತೆಗೆದೆ. ಹಲೀಮಾಬಿ ಅದನ್ನು ನೋಡಿದರು. "ನೀ ಹೊರಗ ಕುಂದ್ರವ್ವಾ" ಅಂದರು.

ಹೊರಗೆ ಕಟ್ಟೆಯ ಮೇಲೆ ಕುಳಿತೆ. ಬಾಗಿಲು ಮುಂದೆ ಮಾಡಿದರು. ಒಳಗಿನಿಂದ ಅಳು ಕೇಳಿಸಿತು, ಆಮೇಲೆ ಬಹಳ ಹೊತ್ತಿನ ಮೇಲೆ ಒಂದು ನಗೆ. ಅವರಿಬ್ಬರಿಗೆ ಬೇಕಾದ ಮಾತು ಅವರಿಗೇ ಬರುತ್ತಿತ್ತು, ನಡುವೆ ಯಾರೂ ಬೇಕಿರಲಿಲ್ಲ. ಅಲ್ಲಿ ಏನು ನಡೆಯಿತು ಎಂಬುದು ನನ್ನ ಯಾವ ದಾಖಲೆಯಲ್ಲೂ ಇಲ್ಲ.

ಆ ತಿಂಗಳ ಕೊನೆಗೆ ವಿಚಾರಸಂಕಿರಣ ನಡೆಯಿತು. ನಾನು ಪ್ರಬಂಧ ಓದಿದೆ. ಓದದೇ ಬಿಡಬಹುದಿತ್ತು, ಬಿಡಲಿಲ್ಲ. ಹೆಸರು ಬದಲಿಸಿದ್ದೆ, ಊರು ಬದಲಿಸಿದ್ದೆ. ಸಭೆ ನಾನು ಅಂದುಕೊಂಡ ಹಾಗೆಯೇ ಸುಮ್ಮನಾಯಿತು. ಮುಗಿದ ಮೇಲೆ ಒಬ್ಬರು ಬಂದು, ಎರಡೂ ಹೇಳಿಕೆಗಳನ್ನು ಇಷ್ಟು ಶುದ್ಧವಾಗಿ ಹೇಗೆ ಕಾಪಾಡಿಕೊಂಡಿರಿ ಎಂದು ಕೇಳಿದರು. ಪ್ರಬಂಧ ಪುಸ್ತಕದಲ್ಲಿ ಬರುವಾಗ ವಿಧಾನದ ಭಾಗದಲ್ಲಿ, ಈ ಕ್ರಮದಿಂದಾಗಿ ಒಬ್ಬರು ಇನ್ನೊಬ್ಬರೊಡನೆ ಮಾತಾಡದೆಯೇ ತೀರಿಕೊಂಡರು ಎಂದು ಒಂದು ಸಾಲು ಸೇರಿಸಿದ್ದೆ. ಸಂಪಾದಕರು ಅದನ್ನು ವಿಷಯಕ್ಕೆ ಸಂಬಂಧವಿಲ್ಲವೆಂದು ತೆಗೆದರು. ನಾನು ಸುಮ್ಮನೆ ಸಹಿ ಹಾಕಿ ಕಳಿಸಿದೆ. ಆ ಪ್ರಬಂಧದಿಂದ ನನಗೆ ಒಳ್ಳೆಯದೇ ಆಯಿತು. ಪಟ್ಟಿಯಲ್ಲಿ ಹೆಸರು ಹುಡುಕುವ ಪಾಡು ತಪ್ಪಿತು. ಸಬಾ ಆ ಅಧ್ಯಯನ ಬಿಟ್ಟಳು. ನನ್ನ ಕಾಗದಗಳಿಗೆ ಅವಳು ಉತ್ತರ ಬರೆಯುವುದಿಲ್ಲ.

ಮಾರನೆಯ ವರ್ಷ ಬೇಸಿಗೆಯಲ್ಲಿ ಗಂಗಾವತಿಗೆ ಹೋದೆ. ರಹೀಮ್ ಸಾಹೇಬರ ಧ್ವನಿಮುದ್ರಣವನ್ನು ಪೂರ್ತಿಯಾಗಿ ಮೆಹಬೂಬನ ಫೋನಿಗೆ ಹಾಕಿಕೊಡಬೇಕಿತ್ತು. ಮೆಹಬೂಬ ಮಾತು ಕಡಿಮೆ ಮಾಡಿದ್ದ, ಆದರೆ ಬರಬೇಡ ಅನ್ನಲಿಲ್ಲ. ಹಲೀಮಾಬಿ ಅಂಗಳದಲ್ಲಿ ಹೊಲಿಯುತ್ತಿದ್ದರು. ಪಕ್ಕದ ಮನೆಯ ಶಾಂತಮ್ಮ ಎಂಬುವರು ಕೊಡ ಕೆಳಗಿಟ್ಟು ಮಾತಿಗೆ ನಿಂತಿದ್ದರು. ಹಲೀಮಾಬಿ ನನ್ನ ಕಡೆಗೆ ದಬ್ಬಣ ತೋರಿಸಿ, "ನೋಡು ಶಾಂತಮ್ಮಾ, ನಮ್ಮ ಭಾಯಿನ್ನ ಹುಡುಕಿದಾಕಿ ಇಕಿನ" ಅಂದರು.

ಶಾಂತಮ್ಮ ಎರಡೂ ಕೈ ಮುಗಿದರು. "ಎಂಥಾ ಪುಣ್ಯಾ ಕಟ್ಕೊಂಡ್ರಿ ತಾಯಿ. ಅಕಿ ದಿನಾ ಅವರ ಅಣ್ಣನ ಮಗಳ ಮಾತು ಹೇಳ್ತಾಳ."

ನಾನು ಹಲೀಮಾಬಿಯ ಮುಖ ನೋಡಿದೆ. ಉಳಿದದ್ದನ್ನು ಅವರೇ ಹೇಳಲಿ, ಇಲ್ಲವೇ ಇಷ್ಟಕ್ಕೇ ಬಿಟ್ಟುಬಿಡಲಿ ಎಂದು ಕಾದೆ. ಅವರು ತಲೆ ಎತ್ತಲಿಲ್ಲ. "ಮುಂದಿಂದು ನಾ ಯಾರಿಗೂ ಹೇಳಿಲ್ಲ. ಅದು ನಿಂದು, ನೀನ ಹೇಳು" ಅಂದರು.

ಆ ಬಿಸಿಲಿನಲ್ಲಿ ನಿಂತು, ಗುರುತಿಲ್ಲದ ಶಾಂತಮ್ಮನ ಮುಂದೆ ನಾನು ಮೊದಲ ಸಲ ಪೂರ್ತಿ ಹೇಳಿದೆ. ಶ್ರಾವಣದಲ್ಲಿ ಸಿಕ್ಕಿದ್ದು, ಪ್ರೊಫೆಸರರು ನನ್ನ ಕೈಗೆ ಬಿಟ್ಟಿದ್ದು, ಜ್ವರದ ದಿನ ಇದೇ ಮನೆಯಲ್ಲಿ ಉಂಡು ಸುಳ್ಳು ಹೇಳಿ ಹೋದದ್ದು, ದಸರೆಯ ಮೇಲಿನ ಶುಕ್ರವಾರ, ಆಮೇಲಿನ ಹದಿನೈದು ದಿನ. ಯಾವುದಕ್ಕೂ ಕಾರಣ ಕೊಡಲಿಲ್ಲ. ಮುಗಿದಿದ್ದ ಅವರ ಕೈಗಳು ಯಾವಾಗಲೋ ಕೆಳಗಿಳಿದಿದ್ದವು. "ಎರಡು ತಿಂಗಳಾ?" ಅಂದರು ಶಾಂತಮ್ಮ. "ಅದಕ್ಕೂ ಹೆಚ್ಚರಿ" ಅಂದೆ. ಅವರು ಕೊಡ ಎತ್ತಿಕೊಂಡು ತಮ್ಮ ಮನೆಯೊಳಗೆ ಹೋದರು.

ಹಲೀಮಾಬಿ ಹಲ್ಲಿನಿಂದ ಸುತಳಿ ಕಡಿದು, ಹೊಲಿದ ಚೀಲವನ್ನು ಒಮ್ಮೆ ಝಾಡಿಸಿ ರಾಶಿಯ ಮೇಲೆ ಹಾಕಿದರು. ಇನ್ನೊಂದು ಚೀಲ ಎಳೆದುಕೊಂಡು, ಅದರ ಹರಿದ ಬಾಯಿಯ ಒಂದು ತುದಿಯನ್ನು ನನ್ನ ಕಡೆಗೆ ಚಾಚಿದರು.

"ಹಿಡಿ" ಅಂದರು.

ಹಿಡಿದುಕೊಂಡು ಕುಳಿತೆ.